ಹಳೇ ಪದ್ಮಿನಿ ಕೊಳ್ಳುವ ಮೊದಲು: ಕಾಗದ, ತಗಡು, ಆಮೇಲೆ ಎಂಜಿನ್

ಹಳೇ ಕಾರು ಕೊಳ್ಳಬೇಕು ಅಂತ ನನಗೆ ಫೋನ್ ಮಾಡುವವರು ಮೊದಲು ಹೇಳುವುದು ಎಂಜಿನ್ ಬಗ್ಗೆ. "ಸರ್, ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಯ್ತು, ಸೌಂಡೂ ಚೆನ್ನಾಗಿದೆ." ಎರಡನೇ ಮಾತು ಬಣ್ಣದ ಬಗ್ಗೆ. ತಗಡಿನ, ಅಂದರೆ ಕಾರಿನ ಬಾಡಿಯ, ವಿಷಯ ಎತ್ತುವವರು ಅಪರೂಪ. ಆರ್‌ಸಿ ಯಾರ ಹೆಸರಲ್ಲಿದೆ ಅಂತ ನಾನೇ ಬಾಯಿಬಿಟ್ಟು ಕೇಳಬೇಕು. ಕೇಳಿದರೆ, "ಅದೆಲ್ಲ ಆಮೇಲೆ ಮಾಡಿಸ್ಕೊಡ್ತೀನಿ ಅಂತ ಬ್ರೋಕರ್ ಹೇಳಿದಾನೆ ಸರ್" ಎನ್ನುತ್ತಾರೆ.

ನನ್ನ ಲೆಕ್ಕದಲ್ಲಿ ಇದು ಪೂರ್ತಿ ಉಲ್ಟಾ. ಮೊದಲು ಕಾಗದ ನೋಡಬೇಕು, ಆಮೇಲೆ ತಗಡು, ಕೊನೆಗೆ ಎಂಜಿನ್. ಎಂಜಿನ್ ಕೆಟ್ಟಿದ್ದರೆ ದುಡ್ಡು ಕೊಟ್ಟು ರಿಪೇರಿ ಮಾಡಿಸಬಹುದು. ತಗಡು ಹೋಗಿದ್ದರೆ ಜಾಸ್ತಿ ದುಡ್ಡು ಬೇಕು, ಅದರ ಜೊತೆ ಒಳ್ಳೆಯ ಟಿಂಕರ್, ಅಂದರೆ ತಗಡು ರಿಪೇರಿ ಮಾಡುವವರು, ಸಿಗುವ ಅದೃಷ್ಟವೂ ಬೇಕು. ಕಾಗದ ಕೆಟ್ಟಿದ್ದರೆ ಮಾತ್ರ ಎಷ್ಟು ದುಡ್ಡಿದ್ದರೂ ಕಾರು ಶೆಡ್ಡಿನಿಂದ ಈಚೆ ಬರುವುದಿಲ್ಲ.

ನಾನು ಮೈಸೂರಿನಲ್ಲಿ ವಾಹನ ವಿಮೆ ಮಾಡಿಸುವವನು. ದಿನವಿಡೀ ಆರ್‌ಸಿ, ಚೇಸಿಸ್ ನಂಬರ್, ಮಾಲೀಕರ ಹೆಸರು ಇವುಗಳ ನಡುವೆಯೇ ಇರುತ್ತೇನೆ. ಹಾಗಾಗಿ ಕಾಗದದ ಮೇಲೆ ನನಗೆ ಒಂದು ಪಾಲು ಜಾಸ್ತಿಯೇ ಅನುಮಾನ. ಮನೆಯಲ್ಲಿ 1979ರ ಪ್ರೀಮಿಯರ್ ಪದ್ಮಿನಿ ಕಾರು ಇದೆ, ಭಾನುವಾರ ಅದರಲ್ಲೇ ಓಡಾಟ. ಮುಂದೆ ಹೇಳುವುದೆಲ್ಲ ಆ ಕಾರಿನಿಂದ ಕಲಿತದ್ದು, ಮತ್ತು ಸ್ನೇಹಿತರ ಜೊತೆ ಊರೂರಿಗೆ ಕಾರು ನೋಡಲು ಹೋಗಿ ಕಲಿತದ್ದು.

ಯಾಕೆ ಪದ್ಮಿನಿ?

ಮೊದಲ ಹಳೇ ಕಾರು ಕೊಳ್ಳುವವರಿಗೆ ಎರಡೇ ಹೆಸರು ಹೇಳುತ್ತೇನೆ: ಅಂಬಾಸಿಡರ್ ಇಲ್ಲವೇ ಪದ್ಮಿನಿ. ಅಂಬಾಸಿಡರ್ 2014ರವರೆಗೂ ಉತ್ತರಪಾರಾದ ಕಾರ್ಖಾನೆಯಿಂದ ಬರುತ್ತಿತ್ತು, ಬಿಡಿಭಾಗಕ್ಕೆ ತೊಂದರೆ ಕಡಿಮೆ. ಆದರೆ ದೊಡ್ಡ ಕಾರು. ನಮ್ಮ ಈಗಿನ ಮನೆಗಳ ಗೇಟಿನೊಳಗೆ ಹಿಡಿಸುವುದು ಪದ್ಮಿನಿ.

ಸ್ಟ್ಯಾಂಡರ್ಡ್ ಹೆರಾಲ್ಡ್ ನೋಡಲು ಬಲು ಚೆಂದ, ಮದ್ರಾಸಿನಲ್ಲಿ ತಯಾರಾದ ಕಾರು. ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಅದರ ಮೂಲ. ಅಲ್ಲಿಂದ ಪಾರ್ಟ್ಸ್ ತರಿಸುವ ಶಕ್ತಿ ಇದ್ದರೆ ಕೈ ಹಾಕಿ. ಇನ್ನು ನಮ್ಮ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ಇದೆ. 80ರ ದಶಕದ ಫೈಬರ್ ಬಾಡಿ ಕಾರು. ಫೈಬರ್‌ಗೆ ತುಕ್ಕು ಹಿಡಿಯದು, ನಿಜ. ಆದರೆ ಅದರ ಸಾಮಾನು ಹುಡುಕಿಕೊಂಡು ಅಲೆಯುವುದಿದೆಯಲ್ಲ, ಅದು ಬೇರೆಯೇ ಕಥೆ. ಊರಿನ ಅಭಿಮಾನಕ್ಕೆ ಎರಡನೇ ಕಾರಾಗಿ ಇಟ್ಟುಕೊಳ್ಳಿ.

ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಇದನ್ನು 1964ರಲ್ಲಿ 'ಫಿಯೆಟ್ 1100 ಡಿಲೈಟ್' ಅಂತ ಬಿಟ್ಟಿತು. 70ರ ದಶಕದ ಶುರುವಿನಲ್ಲಿ ಸ್ವಲ್ಪ ಕಾಲ 'ಪ್ರೀಮಿಯರ್ ಪ್ರೆಸಿಡೆಂಟ್' ಆಯಿತು. ಆಮೇಲೆ ಪದ್ಮಿನಿ ಆಯಿತು, ಮತ್ತೆ ಹೆಸರು ಬದಲಾಗಲಿಲ್ಲ. ನಮ್ಮ ಕಡೆ ಹಿರಿಯರು ಮೂರನ್ನೂ ಫಿಯೆಟ್ ಅಂತಲೇ ಕರೆಯುತ್ತಾರೆ. ಹಾಗಾಗಿ ಯಾರಾದರೂ "ಒಂದು ಫಿಯೆಟ್ ಇದೆ" ಅಂದರೆ ಆರ್‌ಸಿಯಲ್ಲಿ ಏನಿದೆ ಅಂತ ನೋಡಿಯೇ ಹೊರಡಿ. '118 ಎನ್‌ಇ' ಇದ್ದರೆ ಅದು ಬೇರೆಯೇ ಕಾರು, ಎಂಜಿನ್ ನಿಸಾನ್ ಕಂಪನಿಯ ವಿನ್ಯಾಸದ್ದು. ನಮ್ಮ ಪದ್ಮಿನಿಯದು 1089 ಸಿಸಿ ಪೆಟ್ರೋಲ್ ಎಂಜಿನ್. ಗೇರ್ ಸ್ಟೀರಿಂಗ್ ಪಕ್ಕ. ಹ್ಯಾಂಡ್ ಗೇರ್ ಅಂತೀವಲ್ಲ, ಅದೇ. ಕೊನೆಯ ವರ್ಷಗಳ ಎಸ್1 ಕಾರುಗಳಲ್ಲಿ ಮಾತ್ರ ಗೇರ್ ನೆಲಕ್ಕೆ ಇಳಿಯಿತು. ಓಡಿಸಲು ಅದೇ ಸುಲಭ. ಆದರೆ ಹಳೇ ಕಾರಿನ ರುಚಿ ಬೇಕು ಅನ್ನುವವರು ಹ್ಯಾಂಡ್ ಗೇರನ್ನೇ ಕೇಳುತ್ತಾರೆ, ನಾನೂ ಅದೇ ಪಕ್ಷ.

ಹೋಗುವ ಮೊದಲು ಒಂದು ಕೆಲಸ ಮಾಡಿ. ಚೆನ್ನಾಗಿ ಇಟ್ಟಿರುವ ಹಳೇ ಕಾರನ್ನು ಒಮ್ಮೆ ಹತ್ತಿರದಿಂದ ನೋಡಿ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೇ ಕಾರುಗಳಿವೆ. ಧರ್ಮಸ್ಥಳದವರದೇ 'ಪಯಣ' ಕಾರು ಮ್ಯೂಸಿಯಂ ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೇ ಇದೆ. ಬಾಗಿಲು ಮತ್ತು ಬಾಡಿ ನಡುವಿನ ಸಂದು ಮೇಲಿಂದ ಕೆಳಗಿನವರೆಗೆ ಹೇಗೆ ಒಂದೇ ಸಮ ಇರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗಲಿ. ಆಮೇಲೆ ಕೆಟ್ಟ ಕೆಲಸ ತಾನಾಗಿ ಕಾಣುತ್ತದೆ.

ಕಾಗದ

ಮಾರುವವರಿಗೆ ಫೋನ್ ಮಾಡಿದಾಗ ಕಾರಿನ ಫೋಟೊ ಕೇಳಬೇಡಿ. ಆರ್‌ಸಿ ಫೋಟೊ ಕೇಳಿ, ಎಲ್ಲ ಪುಟದ್ದೂ. ಕೊಡಲು ಹಿಂದೆಮುಂದೆ ನೋಡಿದರೆ ಅಲ್ಲಿಗೇ ಬಿಡಿ.

ನಂಬರಿನಿಂದಲೇ ಸ್ವಲ್ಪ ಗೊತ್ತಾಗುತ್ತದೆ. ಮೈಸೂರು ರಾಜ್ಯ ಅಂತಿದ್ದಾಗಿನ ನೋಂದಣಿ ಎಂವೈ ಅಂತ ಶುರುವಾಗುವುದುಂಟು. ಕರ್ನಾಟಕ ಅಂತಾದ ಮೇಲೆ ಸಿಎ, ಸಿಎನ್ ತರಹದ ಅಕ್ಷರ ಬಂದವು. ಈಗಿನ ಕೆಎ ನಂಬರ್ ಬಂದದ್ದು 1989ರಲ್ಲಿ. ಆ ಕಾಲದ ಆರ್‌ಸಿ ಪುಸ್ತಕವೆಲ್ಲ ಕೈಬರಹ. ಆ ಗಾಡಿಗಳಲ್ಲಿ ಎಷ್ಟೋ ಇವತ್ತಿನ ಕಂಪ್ಯೂಟರಿಗೆ ಏರಿಯೇ ಇಲ್ಲ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಬಂದರೆ ಸಂತೋಷ. ಬರದಿದ್ದರೆ ಮೂಲ ಆರ್‌ಟಿಒ ಕಚೇರಿಯಲ್ಲಿ ಹಳೇ ರಿಜಿಸ್ಟರ್ ತೆಗೆಸಿ 'ಬ್ಯಾಕ್‌ಲಾಗ್ ಎಂಟ್ರಿ', ಅಂದರೆ ಹಳೇ ದಾಖಲೆಯನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಮಾಡಿಸಬೇಕು. ಅದನ್ನು ಮಾರುವವರೇ ಮಾಡಿಸಿ ಕೊಡಲಿ. ಗಾಡಿ ಅವರ ಹೆಸರಲ್ಲಿದೆ, ಕಚೇರಿಯವರು ಮಾತಾಡುವುದೂ ಅವರ ಜೊತೆಗೇ. ನೀವು ಕೊಂಡ ಮೇಲೆ ಹೋಗಿ ನಿಂತರೆ "ನೀವ್ಯಾರು?" ಅನ್ನುವ ಪ್ರಶ್ನೆಗೇ ಉತ್ತರ ಇರುವುದಿಲ್ಲ.

ಎರಡನೆಯದು, ಎದುರು ಕೂತವರೇ ಮಾಲೀಕರಾ? ಹಳೇ ಕಾರುಗಳಲ್ಲಿ ಇದೇ ದೊಡ್ಡ ತಲೆನೋವು. ಒಂದು ಉದಾಹರಣೆ ಹೇಳುತ್ತೇನೆ.

ಸಕಲೇಶಪುರದ ಕಡೆ ಒಂದು ತೋಟದ ಮನೆ. ಸ್ನೇಹಿತನೊಬ್ಬನಿಗಾಗಿ ಪದ್ಮಿನಿ ನೋಡಲು ಹೋಗಿದ್ದೆವು, ಜೊತೆಗೆ ಬ್ರೋಕರ್. ಕಾರು ಕಾಫಿ ಕಣದ ಪಕ್ಕದ ಶೆಡ್ಡಿನಲ್ಲಿತ್ತು. ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ. ಕಾಫಿ ಕೊಟ್ಟು, ಒಳಗಿನಿಂದ ಬಿಸ್ಕತ್ ಡಬ್ಬಿ ತಂದು ಮುಂದೆ ಇಟ್ಟರು. ಅದರಲ್ಲಿ ಆರ್‌ಸಿ ಪುಸ್ತಕ, ಟ್ಯಾಕ್ಸ್ ಕಾರ್ಡು, ಹಾಸನದ ಗ್ಯಾರೇಜಿನ ಬಿಲ್ಲುಗಳು, ಟೈರಿನ ರಸೀದಿ, ಎಲ್ಲ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಟ್ಟಿದ್ದರು. ಇಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡ ಮನೆಯ ಕಾರು ಕೆಟ್ಟದಾಗಿರುವುದು ಅಪರೂಪ. ಆದರೆ ಆರ್‌ಸಿ ಇದ್ದದ್ದು ತೀರಿಹೋದ ಯಜಮಾನರ ಹೆಸರಲ್ಲಿ.

ಬ್ರೋಕರ್ ನನ್ನ ಕಿವಿಯಲ್ಲಿ, "ಸರ್, ಯಜಮಾನ್ರ ಸೈನು ಹಳೇ ಬಿಲ್ಲಲ್ಲಿ ಇದೆ. ಅದೇ ತರ ಹಾಕ್ಸಿಬಿಡೋಣ, ಯಾರು ನೋಡ್ತಾರೆ?" ಅಂದ.

"ಅಮ್ಮಾ, ಮಕ್ಕಳು ಎಷ್ಟು ಜನ?" ಅಂತ ನಾನು ಅವರನ್ನೇ ಕೇಳಿದೆ.

"ಇಬ್ರು ಕಣಪ್ಪ. ಮಗ ಅಮೆರಿಕದಲ್ಲಿದ್ದಾನೆ, ಮಗಳು ಹಾಸನದಲ್ಲೇ."

"ಕಾರು ಮಾರೋ ವಿಷಯ ಇಬ್ಬರಿಗೂ ಗೊತ್ತಾ?"

"ಮಗಳಿಗೆ ಗೊತ್ತು. ಅವನಿಗಿನ್ನೂ ಹೇಳಿಲ್ಲ. ಅಪ್ಪನ ಕಾರು ಅಂತ ಬೇಜಾರು ಮಾಡ್ಕೋತಾನೇನೋ."

ಆಮೇಲೆ ನಡೆದದ್ದು ಸರಿಯಾದ ದಾರಿ. ಮೊದಲು ಮಗನಿಗೆ ಫೋನು. ಆಮೇಲೆ ಫಾರ್ಮ್ 31, ಅಂದರೆ ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಗಾಡಿ ಮಾಡಿಸುವ ಅರ್ಜಿ. ಅದರ ಜೊತೆ ಮರಣ ಪ್ರಮಾಣಪತ್ರ, ಮಕ್ಕಳಿಬ್ಬರ ಒಪ್ಪಿಗೆ ಪತ್ರ. ಕಾರು ಅಮ್ಮನ ಹೆಸರಿಗೆ ಬಂದ ಮೇಲೆ ಫಾರ್ಮ್ 29, 30ಕ್ಕೆ ಅವರದೇ ಸಹಿ, ಸ್ನೇಹಿತನ ಹೆಸರಿಗೆ ವರ್ಗಾವಣೆ. ತಿಂಗಳುಗಟ್ಟಲೆ ಹಿಡಿಯಿತು. ಬ್ರೋಕರ್ ಅಷ್ಟರಲ್ಲಿ ಬೇರೆ ಗಿರಾಕಿ ಹುಡುಕಿಕೊಂಡು ಹೋಗಿದ್ದ. ಸತ್ತವರ ಸಹಿ ಹಾಕಿಸಿದ ಕಾರು ಎಂದೂ ನಿಮ್ಮದಾಗುವುದಿಲ್ಲ. ನಾಳೆ ಮಗ ಬಂದು ದೂರು ಕೊಟ್ಟರೆ ಕಾರೂ ಹೋಗುತ್ತದೆ, ಮಾನವೂ ಹೋಗುತ್ತದೆ.

'ಓಪನ್ ಸೈನ್' ಅನ್ನುವ ಇನ್ನೊಂದು ಚಾಳಿ ಇದೆ. ಮಾಲೀಕರು ಎಂದೋ ಖಾಲಿ ಫಾರ್ಮ್‌ಗೆ ಸಹಿ ಹಾಕಿ ಕೊಟ್ಟಿರುತ್ತಾರೆ. ಕಾರು ಆಮೇಲೆ ಕೈಯಿಂದ ಕೈಗೆ ಓಡಾಡಿರುತ್ತದೆ, ಆರ್‌ಸಿ ಮಾತ್ರ ಅಲ್ಲೇ. ಅಪಘಾತ ಆದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಮಾರುವವರಿಗೂ ಇದನ್ನು ತಿಳಿಸಿ ಹೇಳಿ. ಅರ್ಥವಾದರೆ ಅವರೇ ಆರ್‌ಟಿಒವರೆಗೆ ಬರುತ್ತಾರೆ.

ಮೂರನೆಯದು ನೋಂದಣಿಯ ಅವಧಿ. ಖಾಸಗಿ ಕಾರಿಗೆ ಮೊದಲು 15 ವರ್ಷ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 10,000 ರೂಪಾಯಿ ಮಾಡಿತು. ಅವಧಿ ಮುಗಿದು ಸುಮ್ಮನೆ ನಿಂತಿದ್ದರೆ ತಡವಾದ ಪ್ರತಿ ತಿಂಗಳಿಗೂ ದಂಡ ಸೇರುತ್ತದೆ. ಮೇಲೆ ನಮ್ಮ ರಾಜ್ಯದ ಹಸಿರು ತೆರಿಗೆ. ಬಹಳ ವರ್ಷದಿಂದ ನಿಂತ ಕಾರು "ಸುಮ್ನೆ ಗುಜರಿ ರೇಟಿಗೆ ಕೊಡ್ತೀನಿ" ಅಂತ ಬಂದರೆ ಮೊದಲು ಈ ಬಾಕಿಯನ್ನು ಆರ್‌ಟಿಒದಲ್ಲಿ ಲೆಕ್ಕ ಹಾಕಿಸಿ. ನವೀಕರಣಕ್ಕೆ ಇನ್‌ಸ್ಪೆಕ್ಟರ್ ಮುಂದೆ ಕಾರು ನಿಲ್ಲಿಸಲೇಬೇಕು ಅನ್ನುವುದೂ ನೆನಪಿರಲಿ. ಬ್ರೇಕು, ಲೈಟು, ಹಾರನ್ ಎಲ್ಲ ಕೆಲಸ ಮಾಡಬೇಕು. ಹೊಗೆ ತಪಾಸಣೆಯ ಬಗ್ಗೆ ಅಷ್ಟು ಹೆದರಬೇಡಿ. ಈ ಕಾಲದ ಪೆಟ್ರೋಲ್ ಕಾರಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3. ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಆಗಿದ್ದರೆ ಪಾಸಾಗುತ್ತದೆ.

ಚೇಸಿಸ್ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ಹೋಲಿಸಿ. ತೆಳು ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿದರೆ ಅಚ್ಚು ಮೂಡುತ್ತದೆ, ಆರ್‌ಟಿಒದವರೂ ಅದನ್ನೇ ಕೇಳುತ್ತಾರೆ. ನಂಬರಿನ ಸುತ್ತ ವೆಲ್ಡಿಂಗ್ ಗುರುತಿದ್ದರೆ, ಅಂಕಿಗಳು ಸಾಲು ತಪ್ಪಿದ್ದರೆ, ನಮಸ್ಕಾರ ಹೇಳಿ ಹೊರಡಿ. ಎಂಜಿನ್ ನಂಬರ್ ಬೇರೆ ಇರುವುದು ಹಳೇ ಕಾರುಗಳಲ್ಲಿ ಮಾಮೂಲು, ಯಾವಾಗಲೋ ಎಂಜಿನ್ ಬದಲಾಗಿರುತ್ತದೆ. ಆದರೆ ಅದು ಆರ್‌ಸಿಯಲ್ಲಿ ಬರೆಸಿರಬೇಕು. ಡೀಸೆಲ್ ಎಂಜಿನ್ ಕೂರಿಸಿದ್ದು ಆರ್‌ಸಿಯಲ್ಲಿ ಇನ್ನೂ ಪೆಟ್ರೋಲ್ ಅಂತಿದ್ದರೆ ಅದು ಬೇಡವೇ ಬೇಡ.

ಬೇರೆ ರಾಜ್ಯದ ಕಾರಾದರೆ ಫಾರ್ಮ್ 28ರ ಎನ್‌ಒಸಿ, ಅಂದರೆ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ, ಬೇಕು, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ದೆಹಲಿಯಲ್ಲಿ ಹಳೇ ವಾಹನಗಳ ಮೇಲಿನ ನಿರ್ಬಂಧದಿಂದ ಕಾರುಗಳು ಅಗ್ಗವಾಗಿ ಕಾಣುತ್ತವೆ. ಎನ್‌ಒಸಿ ಕೈಗೆ ಬರುವ ತನಕ ಒಂದು ರೂಪಾಯಿ ಕೊಡಬೇಡಿ.

ಎಲ್ಲರೂ ಕೇಳುವ ಪ್ರಶ್ನೆ: "ಸರ್, ವಿಂಟೇಜ್ ನಂಬರ್ ಮಾಡಿಸಬಹುದಾ?" 2021ರ ಜುಲೈನಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಮಾನ್ಯ. 70ರ ದಶಕದ ಶುರುವಿನ ಕಾರುಗಳು ಈಗಾಗಲೇ 50 ದಾಟಿವೆ. ಆದರೆ ಒಂದು ಮಾತು. ಆ ನೋಂದಣಿಯ ಕಾರನ್ನು ದಿನಬಳಕೆಗೆ ಓಡಿಸುವ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಭಾನುವಾರ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗಿಬರುವ ಆಸೆ ಇದ್ದರೆ ಸಾಮಾನ್ಯ ನವೀಕರಣವೇ ವಾಸಿ.

ತಗಡು

ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚೇಸಿಸ್ ಇಲ್ಲ. ಬಾಡಿಯೇ ಚೇಸಿಸ್. ಎಂಜಿನ್, ಸಸ್ಪೆನ್ಷನ್, ಸೀಟು, ಎಲ್ಲದರ ಭಾರ ಹೊರುವುದು ಇದೇ ತಗಡು. ಅದಕ್ಕೇ ಇಲ್ಲಿ ತುಕ್ಕು ಅನ್ನುವುದು ಬರೀ ಅಂದದ ಮಾತಲ್ಲ.

ಕಾರು ಎಲ್ಲಿ ಬೆಳೆದದ್ದು ಅಂತ ಕೇಳಿ. ಚಿತ್ರದುರ್ಗ, ಬಳ್ಳಾರಿ, ರಾಯಚೂರು ಕಡೆಯ ಕಾರಿಗೆ ನಾನು ಎರಡು ಕಾಸು ಜಾಸ್ತಿ ಕೊಡಲು ರೆಡಿ. ಬಿಸಿಲಿಗೆ ಬಣ್ಣ ಹೋಗಿರುತ್ತದೆ, ರಬ್ಬರ್ ಸೀಳಿರುತ್ತದೆ, ತಗಡು ಗಟ್ಟಿ. ಮಂಗಳೂರು, ಕಾರವಾರದ ಉಪ್ಪು ಗಾಳಿ ಕೆಳಗಿನಿಂದ ತಿನ್ನುತ್ತದೆ. ಮಲೆನಾಡಿನ ಕಾರಿಗೆ ಮಳೆಗಾಲದ ತೇವ. ಶೆಡ್ಡಿನೊಳಗೆ ಮಣ್ಣಿನ ನೆಲದ ಮೇಲೆ ನಿಲ್ಲಿಸಿದ್ದರೆ ಇನ್ನೂ ಕಷ್ಟ.

ಜೇಬಿನಲ್ಲಿ ಒಂದು ಸಣ್ಣ ಆಯಸ್ಕಾಂತ ಇಟ್ಟುಕೊಳ್ಳಿ. ಫ್ರಿಜ್ ಬಾಗಿಲಿಗೆ ಅಂಟಿಸುವ ಅಂಥದ್ದೇ ಸಾಕು, ಬಣ್ಣಕ್ಕೆ ಗೀರು ಬೀಳದ ಹಾಗೆ ತೆಳು ಬಟ್ಟೆ ಸುತ್ತಿ. ಅದು ಗಟ್ಟಿ ಹಿಡಿದರೆ ಕೆಳಗೆ ತಗಡಿದೆ. ಜಾರಿದರೆ ಅಲ್ಲಿರುವುದು ಪುಟ್ಟಿ, ಅಂದರೆ ತೂತು ತಗ್ಗು ಮುಚ್ಚಲು ಮೆತ್ತುವ ಪೇಸ್ಟು. ಹಳೇ ಕಾರಿನಲ್ಲಿ ಅಲ್ಲಲ್ಲಿ ಪುಟ್ಟಿ ಇರುವುದು ಸಹಜ. ಎಲ್ಲಿ ಇದೆ ಅನ್ನುವುದೇ ಮುಖ್ಯ. ಬಾಗಿಲಿನ ನಡುವೆ ಇದ್ದರೆ ಯಾರೋ ಗುದ್ದಿರುತ್ತಾರೆ, ಬಿಡಿ. ಬಾಗಿಲಿನ ಕೆಳಗೆ, ನಾವು ಕಾಲಿಟ್ಟು ಹತ್ತುವ ಉದ್ದದ ಪಟ್ಟಿಯಲ್ಲಿ ಇದ್ದರೆ ಹುಷಾರು. ಕಾರಿನ ಬಲ ಇರುವುದೇ ಅಲ್ಲಿ. ಅಲ್ಲಿ ತಗಡು ಕರಗಿ, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಬಿದ್ದುಹೋಗುವ ಗೋಡೆಗೆ ಸುಣ್ಣ ಬಳಿದ ಹಾಗೆ.

ಇದನ್ನು ಪತ್ತೆ ಮಾಡಲು ನಮ್ಮ ಟಿಂಕರ್ ಮೇಸ್ತ್ರಿ ಒಂದು ಉಪಾಯ ಹೇಳಿಕೊಟ್ಟಿದ್ದಾರೆ. ನಾಲ್ಕೂ ಬಾಗಿಲು ಹಾಕಿ ಸಂದು ನೋಡಿಕೊಳ್ಳಿ. ಆಮೇಲೆ ಮುಂದಿನ ಚಕ್ರದ ಹಿಂದೆ, ಬಾಡಿಯ ಕೆಳಗೆ ಜಾಕ್ ಕೊಟ್ಟು ನಿಧಾನವಾಗಿ ಎತ್ತಿಸಿ. ಎತ್ತುವಾಗ ಪಟಪಟ ಸದ್ದು ಬಂದರೆ, ಜಾಕ್ ಕೊಟ್ಟಲ್ಲಿ ತಗಡು ಒಳಗೆ ಹೋದರೆ ತಕ್ಷಣ ನಿಲ್ಲಿಸಿ. ಚಕ್ರ ನೆಲ ಬಿಟ್ಟ ಮೇಲೆ ಅದೇ ಬದಿಯ ಬಾಗಿಲು ತೆಗೆದು ಹಾಕಿ. ಮೊದಲಿನಂತೆಯೇ ಕೂತರೆ ಬಾಡಿ ಗಟ್ಟಿ. ಬಾಗಿಲು ಸಿಕ್ಕಿಕೊಂಡರೆ, ಚಿಲಕಕ್ಕೆ ಎಟುಕದಿದ್ದರೆ, ಬಾಡಿ ಬಾಗುತ್ತಿದೆ ಅಂತ ಅರ್ಥ. ಮಾರುವವರು "ಜಾಕ್ ಎಲ್ಲಾ ಯಾಕೆ ಸಾರ್" ಅಂದರೆ ನಗುತ್ತಾ "ಸ್ಟೆಪ್ನಿ ಹಾಕಲು ಬರುತ್ತಾ ನೋಡೋಣ ಅಂತ" ಅನ್ನಿ. ಎತ್ತಿದ ಕಾರಿನ ಕೆಳಗೆ ಮಾತ್ರ ತಲೆ ಹಾಕಬೇಡಿ. ಕೆಳಗಿನಿಂದ ನೋಡಬೇಕಾದರೆ ಗ್ಯಾರೇಜಿನ ರ‍್ಯಾಂಪಿಗೆ ಹತ್ತಿಸಿ.

ಒಳಗೆ ಮ್ಯಾಟ್ ಎತ್ತಿ. ಡ್ರೈವರ್ ಕಾಲಿಡುವ ಜಾಗ, ಹಿಂದಿನ ಸೀಟಿನ ಕೆಳಗೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವಲ್ಲಿ ಕೈ ಹಾಕಿ ನೋಡಿ. ಹೊಸದಾಗಿ ಕಪ್ಪು ಟಾರ್ ಬಳಿದಿದ್ದರೆ "ಯಾಕೆ ಈಗ ಬಳಿದಿರಿ?" ಅಂತ ಕೇಳಿ. ಬ್ಯಾಟರಿ ಕೆಳಗಿನ ತಟ್ಟೆಯನ್ನು ಆಸಿಡ್ ತಿಂದಿರುತ್ತದೆ. ಗಾಜಿನ ಬೀಡಿಂಗ್ ಕೆಳಗಿನ ಮೂಲೆಗಳಲ್ಲಿ ಬಣ್ಣ ಗುಳ್ಳೆ ಎದ್ದಿದ್ದರೆ ಮಳೆ ನೀರು ಒಳಗೆ ಇಳಿಯುತ್ತಿದೆ. ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿದ ವೆಲ್ಡಿಂಗ್ ಗುರುತು ಕಂಡರೆ ಅದು ಗ್ಯಾಸ್ ಮೇಲೆ ಓಡಿದ ಗಾಡಿ, ಬಹುಶಃ ಟ್ಯಾಕ್ಸಿ.

ಮಳೆಗಾಲದಲ್ಲಿ, ಸಂಜೆ ಮಬ್ಬಿನಲ್ಲಿ ಕಾರು ನೋಡಬೇಡಿ. ಒದ್ದೆ ಕಾರು ಯಾವತ್ತೂ ಚೆಂದವೇ.

ಇರುವುದು, ಇಲ್ಲದಿರುವುದು

ಎಂಜಿನ್ನಿನ ಸಾಮಾನು ಸಿಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಅಲ್ಲಿ ಇಲ್ಲದಿದ್ದರೆ ಮುಂಬೈನ ಕುರ್ಲಾ. ಸಿಗದಿರುವುದು ಮೇಲಿನ ಒಡವೆ. ಗ್ರಿಲ್, ಕ್ರೋಮ್ ಬಂಪರ್, ಬಾಗಿಲ ಹಿಡಿ, ಟೇಲ್ ಲ್ಯಾಂಪ್ ಗಾಜು, ಸ್ಟೀರಿಂಗ್ ನಡುವಿನ ಹಾರನ್ ರಿಂಗು, ಮೀಟರ್. ಮುಂಬೈನಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ದಿನ ಬಿಡಿಭಾಗ ಮಾಡುವವರಿಗೂ ವ್ಯಾಪಾರ ಇತ್ತು. ಕೊನೆಯ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್‌ನಲ್ಲಿ. 20 ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ 30ರಿಂದ ಅವು ರಸ್ತೆಯಿಂದಲೇ ಹೋದವು. ಹಾಗಾಗಿ ಈಗ ಪೂರ್ತಿ ಸಾಮಾನಿರುವ, ಎಂಜಿನ್ ಕೆಟ್ಟ ಕಾರು, ಎಂಜಿನ್ ಗುಂಯ್ ಅನ್ನುವ ಅರ್ಧ ಬೋಳು ಕಾರಿಗಿಂತ ಎಷ್ಟೋ ಮೇಲು. ಬಿಚ್ಚಿಟ್ಟ ಸಾಮಾನು "ಅಟ್ಟದ ಮೇಲಿದೆ" ಅಂದರೆ ಅಟ್ಟ ಹತ್ತಿ ನೋಡಿ. ಅಟ್ಟ ಖಾಲಿ ಇರುವುದೇ ಜಾಸ್ತಿ.

ಎಂಜಿನ್, ಮತ್ತು ಓಡಿಸಿ ನೋಡುವುದು

ಹೋದ ತಕ್ಷಣ ಬಾನೆಟ್ ಮುಟ್ಟಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿದ್ದಾರೆ. ಊಟ ಮುಗಿಸಿ ಬರುತ್ತೇವೆ ಅಂತ ಹೇಳಿ, ತಣ್ಣಗಾದ ಮೇಲೆ ಬನ್ನಿ. ತಣ್ಣಗಿದ್ದಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ, ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂಥದ್ದು ಅಂಟಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು, ಹೋಗಿದೆ. ಈ ಎಂಜಿನ್ನಿನ ಹೆಡ್ ಅಲ್ಯುಮಿನಿಯಂ. ಒಮ್ಮೆ ಕಾದು ಕೆಂಡವಾದರೆ ಸೊಟ್ಟಗಾಗುತ್ತದೆ.

ಚೋಕ್ ಎಳೆದು ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಲ್ಲಿ. ಶುರುವಿನಲ್ಲಿ ಸ್ವಲ್ಪ ಹೊಗೆ ಇರಲಿ ಬಿಡಿ. ಬಿಸಿಯಾದ ಮೇಲೂ ನೀಲಿ ಹೊಗೆ ನಿಲ್ಲದಿದ್ದರೆ ರಿಂಗು, ವಾಲ್ವ್ ಕೆಲಸ. ಅದು ದೊಡ್ಡ ವಿಷಯವಲ್ಲ, ಬೆಲೆಯಲ್ಲಿ ಕಳೆಯಿರಿ.

ಓಡಿಸುವಾಗ ಹೆದ್ದಾರಿ ಬೇಡ, ಪೇಟೆಯ ಟ್ರಾಫಿಕ್ಕಿಗೆ ಒಯ್ಯಿರಿ. ನಿಧಾನಕ್ಕೆ ಅರ್ಧ ಗಂಟೆ ಓಡಿಸಿ ಟೆಂಪರೇಚರ್ ಮುಳ್ಳು ನೋಡುತ್ತಿರಿ. ಆಮೇಲೆ ಆಫ್ ಮಾಡಿ, ಟೀ ಕುಡಿದು ಮತ್ತೆ ಸ್ಟಾರ್ಟ್ ಮಾಡಿ. ಈ ಕಾರಿನ ಹಳೇ ಕಾಯಿಲೆ ಹೊರಬೀಳುವುದು ಆಗಲೇ. ಎಂಜಿನ್ ಬಿಸಿಗೆ ಪೆಟ್ರೋಲು ಕಾರಿನ ಪಂಪಿನೊಳಗೇ ಆವಿಯಾಗಿ ಕಾರ್ಬುರೇಟರಿಗೆ ಏರುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ರಸ್ತೆ ಬದಿ ನಿಂತಿರುತ್ತಿದ್ದ ಫಿಯೆಟ್‌ಗಳನ್ನು ನೀವೂ ನೋಡಿರುತ್ತೀರಿ, ಅಲ್ವಾ? ಬೇಸಿಗೆಯಲ್ಲಿ ಒಮ್ಮೊಮ್ಮೆ ಆದರೆ ಸರಿ. ಪ್ರತಿ ಸಲ ಆಗುವುದಾದರೆ ರೇಡಿಯೇಟರ್ ಕಟ್ಟಿದೆ.

ಹ್ಯಾಂಡ್ ಗೇರ್ ಅಲ್ಲಾಡಿದರೆ ಬುಷ್ ಸವೆದಿದೆ, ಅದು ಸಣ್ಣ ಖರ್ಚು. ಓಡುವಾಗ ಆಕ್ಸಿಲರೇಟರ್ ಬಿಟ್ಟ ತಕ್ಷಣ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಗೇರ್ ಬಾಕ್ಸ್ ಬಿಚ್ಚಬೇಕು. ಹಿಂದಿನಿಂದ ಗೂಂ ಅನ್ನುವ ಸದ್ದು ವೇಗದ ಜೊತೆ ಏರಿದರೆ ಕ್ರೌನ್ ಪಿನಿಯನ್, ಅಂದರೆ ಹಿಂದಿನ ಚಕ್ರ ತಿರುಗಿಸುವ ಗೇರು, ಸವೆದಿದೆ. ಬ್ರೇಕ್ ನಾಲ್ಕೂ ಕಡೆ ಡ್ರಮ್, ಇವತ್ತಿನ ಕಾರಿನಂತೆ ಗಕ್ಕನೆ ನಿಲ್ಲದು. ಆದರೆ ಒಂದೇ ಕಡೆಗೆ ಎಳೆಯಬಾರದು, ಪೆಡಲ್ ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿಯಬಾರದು. ಇಳಿದರೆ ಅವತ್ತು ಓಡಿಸುವುದೇ ಬೇಡ.

ಬೆಲೆ ಮತ್ತು ದುಡ್ಡು

ಇಷ್ಟೇ ರೇಟು ಅಂತ ನಾನು ಹೇಳುವುದಿಲ್ಲ, ಒಬ್ಬೊಬ್ಬರದು ಒಂದೊಂದು ಬಾಯಿ. ಲೆಕ್ಕದ ದಾರಿ ಹೇಳುತ್ತೇನೆ. ಅದೇ ಮಾದರಿಯ, ಕೆಲಸ ಮುಗಿದ ಒಳ್ಳೇ ಕಾರಿಗೆ ನಿಮ್ಮ ಕಡೆ ಎಷ್ಟಿದೆ ಅಂತ ವಿಚಾರಿಸಿ. ಈ ಕಾರಿನ ಫೋಟೊಗಳನ್ನು ಟಿಂಕರ್, ಪೇಂಟರ್, ಸೀಟಿನವರು, ಮೆಕ್ಯಾನಿಕ್, ನಾಲ್ವರಿಗೂ ತೋರಿಸಿ ಅಂದಾಜು ಬರೆಸಿಕೊಳ್ಳಿ. ಟಿಂಕರ್ ಹೇಳಿದ್ದರ ಮೇಲೆ ಅರ್ಧ ಸೇರಿಸಿ, ಯಾಕೆಂದರೆ ಬಣ್ಣ ಕೆರೆದ ಮೇಲೆ ಒಳಗಿನದು ಗೊತ್ತಾಗುತ್ತದೆ. ಒಳ್ಳೇ ಕಾರಿನ ಬೆಲೆಯಿಂದ ಇದನ್ನೆಲ್ಲ ಕಳೆದರೆ ಉಳಿಯುವುದೇ ನೀವು ಕೇಳಬೇಕಾದ ಬೆಲೆ. ಎಷ್ಟೋ ಸಲ ಉಳಿಯುವುದು ಸೊನ್ನೆ. ಅದಕ್ಕೇ ಯಾರೋ ದುಡ್ಡು ಸುರಿದು ಮುಗಿಸಿದ ಕಾರನ್ನೇ ಜಾಸ್ತಿ ಕೊಟ್ಟು ಕೊಳ್ಳಿ ಅಂತ ಹೇಳುತ್ತೇನೆ. ರಿಪೇರಿಯ ಬಿಲ್ಲುಗಳು, ಕೆಲಸ ನಡೆಯುವಾಗ ತೆಗೆದ ಫೋಟೊಗಳಿದ್ದರೆ ಇನ್ನೂ ಒಳ್ಳೆಯದು.

ಮುಂಗಡ ಸ್ವಲ್ಪವೇ ಇರಲಿ, ಬ್ಯಾಂಕ್ ಮೂಲಕವೇ ಇರಲಿ. ಬಾಕಿಯನ್ನು ಮೂಲ ಆರ್‌ಸಿ, ಸಹಿಯಾದ ಫಾರ್ಮ್ 29 ಮತ್ತು 30, ಮಾಲೀಕರ ಗುರುತಿನ ಚೀಟಿಯ ಪ್ರತಿ ಕೈಗೆ ಬಂದಾಗ ಕೊಡಿ. ಹಳೇ ಸಾಲದ ನಮೂದು ಆರ್‌ಸಿಯಲ್ಲಿ ಉಳಿದಿದ್ದರೆ ಬ್ಯಾಂಕಿನ ಪತ್ರ ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಕೇಳಿ. ಆ ಬ್ಯಾಂಕೇ ಮುಚ್ಚಿಹೋಗಿ ಇನ್ನೊಂದರ ಜೊತೆ ಸೇರಿರಬಹುದು, ಅದನ್ನು ಹುಡುಕುವ ಕೆಲಸವೂ ಮಾರುವವರದೇ. ಬಾಕಿ ದಂಡ ಇದೆಯಾ ಅಂತ ಪೊಲೀಸ್ ವೆಬ್‌ಸೈಟ್‌ನಲ್ಲಿ ನೋಡಿ.

ವಿಮೆಯಿಲ್ಲದೆ ಅಲ್ಲಿಂದ ಓಡಿಸಿಕೊಂಡು ಬರಬೇಡಿ. ಥರ್ಡ್ ಪಾರ್ಟಿ ಕಡ್ಡಾಯ. ಕಾರಿಗೂ ರಕ್ಷಣೆ ಬೇಕಾದರೆ ಒಂದು ವಿಷಯ ಗೊತ್ತಿರಲಿ: 5 ವರ್ಷ ದಾಟಿದ ವಾಹನದ ಮೌಲ್ಯವನ್ನು ಕಂಪನಿ ಮತ್ತು ಮಾಲೀಕರು ಮಾತಾಡಿ ಒಪ್ಪಿಕೊಳ್ಳಬೇಕು. ಸುಮ್ಮನಿದ್ದರೆ ಅವರು ಗುಜರಿ ಬೆಲೆ ಬರೆಯುತ್ತಾರೆ. ಕಾರಿನ ಫೋಟೊ, ರಿಪೇರಿ ಬಿಲ್ಲು ಇಟ್ಟುಕೊಂಡು ಮಾತಾಡಿ.

ಮನೆಗೆ ತಂದ ಮೇಲೆ

ಬಣ್ಣಕ್ಕೆ ಮೊದಲು ಕೈ ಹಾಕಬೇಡಿ. ಮೊದಲ ವಾರ ಪೆಟ್ರೋಲ್ ಪೈಪುಗಳನ್ನೆಲ್ಲ ಬದಲಾಯಿಸಿ. ಈಗ ಬಂಕುಗಳಲ್ಲಿ ಬರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಹಳೇ ರಬ್ಬರ್ ಪೈಪು, ಪಂಪಿನ ಡಯಾಫ್ರಾಮ್ ಅದಕ್ಕೆ ತಡೆಯುವುದಿಲ್ಲ. ಎಥನಾಲ್ ತಡೆಯುವ ಪೈಪ್ ಅಂತಲೇ ಕೇಳಿ ತನ್ನಿ, ಹೊಸ ಕ್ಲಿಪ್ ಹಾಕಿಸಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಡಬೇಡಿ, ಎಥನಾಲ್ ತೇವ ಎಳೆದುಕೊಂಡು ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿ, ಪಕ್ಕದಲ್ಲೇ ಇಲಿ ಕಡಿದ ವೈರ್ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ವೈರಿಂಗನ್ನೂ ಜೊತೆಗೇ ನೋಡಿಸಿ, ಸಣ್ಣ ಬೆಂಕಿ ಆರಿಸುವ ಸಿಲಿಂಡರ್ ಸೀಟಿನ ಕೆಳಗೆ ಇಡಿ.

ಆಮೇಲೆ ಬ್ರೇಕಿನ ರಬ್ಬರುಗಳು, ಬ್ರೇಕ್ ಆಯಿಲ್, ಎಂಜಿನ್ ಆಯಿಲ್, ಕೂಲಂಟ್, ಫ್ಯಾನ್ ಬೆಲ್ಟ್. ಟೈರ್ ಎಷ್ಟೇ ಹೊಸದಾಗಿ ಕಂಡರೂ ಪಕ್ಕದಲ್ಲಿ ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕಿ ನೋಡಿ. ಮೊದಲೆರಡು ವಾರ, ಕೊನೆಯೆರಡು ವರ್ಷ. '1412' ಅಂತಿದ್ದರೆ 2012ರ 14ನೇ ವಾರ ತಯಾರಾದದ್ದು, ಟೈರಿನ ಬಟನ್ ಎಷ್ಟೇ ಉಳಿದಿದ್ದರೂ ತೆಗೆಸಿ. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನ ಟೈರು. ಗ್ರೀಸ್ ನಿಪ್ಪಲ್‌ಗಳಿಗೆಲ್ಲ ಗ್ರೀಸ್ ಹೊಡೆಸಿ, ಮುಂದಿನ ಚಕ್ರ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್ನನ್ನು ಮರೆಯಬೇಡಿ. ಇದಾದ ಮೇಲೆ ಮೂರು ತಿಂಗಳು ಊರೊಳಗೇ ಓಡಿಸಿ, ಕೆಟ್ಟದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಪೇಂಟರ್ ಹತ್ತಿರ ಹೋಗುವುದು ಆ ಪಟ್ಟಿ ಮುಗಿದ ಮೇಲೆ.